ಎರಡನೇ ರಿಮೋಟು
ಶಲವಡಿ ಬಸ್ ಸ್ಟ್ಯಾಂಡಿನ ಬಾಜು ಮೊಬೈಲ್ ರಿಪೇರಿ ಮಾಡುವ ಹುಲಿಗೆಪ್ಪನಿಗೆ ಗಿರಾಕಿಯ ಫೋನಿಗಿಂತ ಹಳೇ ವಿಡಿಯೋ ಗೇಮು ದೊಡ್ಡದು. ಎಮ್ಯುಲೇಟರ್ ಅನ್ನುವ ಸಾಫ್ಟ್‌ವೇರ್ ಹಾಕಿ ಅವನ್ನೆಲ್ಲ ಕಂಪ್ಯೂಟರಿನಲ್ಲಿ ಎಬ್ಬಿಸಿದ್ದಾನೆ. ಪೆನ್‌ಡ್ರೈವ್ ಚುಚ್ಚುವ ಮೊದಲು, ಹಿಂದೆ ಗೇಮಿನ ಕ್ಯಾಸೆಟ್ಟಿನ ಧೂಳು ಊದುತ್ತಿದ್ದ ಹಾಗೆ, ಅದನ್ನೂ ಫೂ ಎಂದು ಊದುತ್ತಾನೆ. ನಕ್ಕವರಿಗೆ, “ಊದಲಿಲ್ಲಂದ್ರ ಅದಕ್ಕ ಸಿಟ್ಟ ಬರತೈತ್ರಿ” ಅನ್ನುತ್ತಾನೆ. ಆಡುವವನು ಒಬ್ಬನೇ, ಒತ್ತುವುದು ಮಾತ್ರ ‘ಇಬ್ಬರ ಆಟ’ದ ಗುಂಡಿ. ಖಾಲಿ ಸ್ಟೂಲಿನ ಮೇಲಿನ ಎರಡನೇ ರಿಮೋಟಿಗೆ ಯಾರಾದರೂ ಕೈ ಹಾಕಿದರೆ, “ಅದು ನಮ್ಮ ಪ್ರತಾಪಂದು, ಇಡ್ರಿ” ಅನ್ನುತ್ತಾನೆ. ಇಪ್ಪತ್ತು ವರ್ಷದ ಹಿಂದೆ ಹೊಲದ ಹತ್ತಿಗೆ ಹುಳ ಸಾಯಿಸುವ ಎಣ್ಣಿ ಹೊಡೆಯುವ ಪಾಳಿ ಹುಲಿಗೆಪ್ಪನದಿತ್ತು. ಆಟ ಬಿಟ್ಟೇಳಲಾರದೆ ತಮ್ಮ ಪ್ರತಾಪನನ್ನು ಕಳಿಸಿದ. ವಿಷದ ಗಾಳಿ ಕುಡಿದು ಅವನು ಬದುವಿನ ಮೇಲೇ ಸತ್ತ. ಈಗ ಪರದೆಯಲ್ಲಿ ಎರಡನೇ ಸಿಪಾಯಿ ಅಲುಗದೆ ನಿಂತು ಗುಂಡು ತಿಂದು ಬೀಳುತ್ತಾನೆ, ಹುಲಿಗೆಪ್ಪ ಆಟದಲ್ಲಿ ತನ್ನ ಪಾಲಿಗೆ ಬಂದ ಜೀವಗಳನ್ನು ಒಂದೊಂದೇ ಅವನಿಗೆ ಕೊಡುತ್ತ ಹೇಳುತ್ತಾನೆ, “ಏಳಲೇ ತಮ್ಮಾ, ಈ ಸಲ ನಾ ಹೋಗ್ತೇನಿ.”