ಜಪಾನಿನ ಹೆಗಲುಪಟ್ಟಿ

ಮೂಡುಬಿದಿರೆ ಬಸ್‌ಸ್ಟ್ಯಾಂಡಿನ ಹಿಂದೆ ನಾಟಕದ ಉಡುಪು ಬಾಡಿಗೆಗೆ ಕೊಡುವ ಅಂಗಡಿಯೊಂದು ಉಂಟು. ಅಲ್ಲಿಗೆ ನಾನು ಕೈಹೊಲಿಗೆ ಮಾಡುತ್ತೇನೆ. ರಾಜನ ಕಿರೀಟಕ್ಕೆ ಮಣಿ, ಪೊಲೀಸನ ಅಂಗಿಗೆ ಗುಂಡಿ, ಎಂತ ಕೊಟ್ಟರೂ ಹೊಲಿಯುತ್ತೇನೆ. ಕಾಲೇಜಿನ ಮಕ್ಕಳು ಸಾಮಾನು ಕಳೆಯುವುದರಲ್ಲಿ ಹುಷಾರು. ಹಾಗಾಗಿ ಅಂಗಡಿಯವನದ್ದು ಒಂದೇ ಹಟ: ಅಂಟಿಸುವುದು ಬೇಡ, ಪಿನ್ನು ಬೇಡ, ಮೇಣ ಹಚ್ಚಿದ ಜೋಡಿ ನೂಲಿನಲ್ಲಿ ಬಟ್ಟೆಗೆ ಸೇರಿಸಿಯೇ ಹೊಲಿಯಬೇಕು. ನಾನು ಹೊಲಿದದ್ದು ಹಲ್ಲಿನಲ್ಲಿ ಎಳೆದರೂ ಬರುವುದಿಲ್ಲ.

ಮೊಮ್ಮಗಳು ಅಲ್ಲಿಯೇ ಕಾಲೇಜಿಗೆ ಹೋಗುವುದು. ಅವಳ ಅಪ್ಪ ಅಮ್ಮ ಗಲ್ಫಿನಲ್ಲಿ, ಅವಳು ಬಂಟ್ವಾಳದಲ್ಲಿ ನನ್ನ ಜೊತೆ. ಸಣ್ಣಂದಿನಿಂದ ನನ್ನನ್ನೇ ಉಮ್ಮ ಎನ್ನುತ್ತಾಳೆ. ಕಾಲೇಜಿನಲ್ಲಿ ಒಂದೊಂದು ದೇಶಕ್ಕೆ ಒಂದೊಂದು ತಂಡ ಮಾಡಿ ಕಾರ್ಯಕ್ರಮ ಇಟ್ಟಿದ್ದರು. ಇವಳ ತಂಡಕ್ಕೆ ಜಪಾನು ಬಂತು. ಇವಳು ಅದರಲ್ಲಿ ಮಿಲಿಟರಿ ಆಫೀಸರು.

ಬದನೆಕಾಯಿ ಬಣ್ಣದ ಕೋಟು ಅಂಗಡಿಯಲ್ಲಿ ಸಿಕ್ಕಿತು. ಹೆಗಲುಪಟ್ಟಿ ನಾನು ಮಾಡಬೇಕು.

"ನಕ್ಷತ್ರ ಡಬ್ಬಿ ತುಂಬ ಉಂಟು. ಮೂರು ಕೂರಿಸಿ ಕೊಡ್ತೇನೆ, ಯಾರಿಗೆ ಗೊತ್ತಾಗ್ತದೆ?" ಎಂದೆ.

"ಬೇಡ ಉಮ್ಮ. ಅವರದ್ದು ನಕ್ಷತ್ರ ಅಲ್ಲ, ಹೂ. ಚೆರಿ ಹೂ."

"ಮಿಲಿಟರಿಯವನಿಗೆ ಹೂವಾ? ಮದುಮಗನಾ ಅವನು?"

ಫೋನಿನಲ್ಲಿ ಚಿತ್ರ ತೋರಿಸಿದಳು. ನಿಜವೇ. ಐದು ಎಸಳು, ಪ್ರತಿ ಎಸಳಿನ ತುದಿಯಲ್ಲಿ ಸಣ್ಣ ಸೀಳು. ಹೆಗಲ ಮೇಲೆ ಒಂದು ಅಡ್ಡಪಟ್ಟಿಯ ಜೊತೆ ಒಂದು ಹೂ ಇದ್ದರೆ ಸಣ್ಣ ಆಫೀಸರು, ಮೂರು ಇದ್ದರೆ ನಮ್ಮ ಕ್ಯಾಪ್ಟನ್ ಇದ್ದ ಹಾಗೆ. ಪಟ್ಟಿ ಎರಡಾದರೆ ಇನ್ನೂ ಮೇಲಿನವನು. ತೀರ ದೊಡ್ಡವನಿಗೆ ಪಟ್ಟಿಯೇ ಇಲ್ಲ, ಬರೀ ಹೂಗಳು. ಅವರ ಸೈನ್ಯಕ್ಕೆ ಸೈನ್ಯ ಎಂಬ ಹೆಸರೂ ಇಲ್ಲವಂತೆ, ತಮ್ಮನ್ನು ತಾವು ಕಾಯುವ ದಳ ಎನ್ನುತ್ತಾರಂತೆ. ಮದುವೆಯ ಜರಿಯ ತುಂಡಿನಲ್ಲಿ ಹೂ ಕತ್ತರಿಸಿ, ಹೆಗಲಿಗೆ ರಟ್ಟು ಕೊಟ್ಟು, ಒಂದು ಪಟ್ಟಿ ಮೂರು ಹೂ ಹೊಲಿದೆ. ಕಣ್ಣು ಉರಿಯಿತು.

ಕಾರ್ಯಕ್ರಮದ ದಿನ ನಾನೂ ಹೋಗಿ ಕೂತಿದ್ದೆ. ಹುಡುಗಿ ತಂಡಕ್ಕೆ ಆಜ್ಞೆ ಕೊಟ್ಟು ಕೊಟ್ಟು ಗಂಟಲು ಹರಿದುಕೊಂಡಳು. ಮುಗಿಯುವಾಗ ಅವಳ ಬಟ್ಟೆ, ಚಪ್ಪಲಿ ಇದ್ದ ಕೋಣೆಗೆ ಬೀಗ ಬಿದ್ದಿತ್ತು. ಕೀಲಿ ಇದ್ದವಳು ಊರಿಗೆ ಹೋಗಿಯಾಗಿತ್ತು. ಅವಳ ಬುರ್ಖಾ ಮಾತ್ರ ನನ್ನ ಕೈಯಲ್ಲಿತ್ತು.

"ಮೇಲಿನಿಂದ ಹಾಕು, ಹೋಗುವ," ಎಂದೆ.

ನಮ್ಮಲ್ಲಿ ಇದು ರೂಢಿ. ನೈಟಿಯ ಮೇಲಾಗಲಿ ಹರಿದ ಚೂಡಿದಾರದ ಮೇಲಾಗಲಿ ಬುರ್ಖಾ ಎಳೆದುಕೊಂಡರೆ ಮದುವೆಗೂ ಹೋಗಬಹುದು. ಮುಖದಲ್ಲಿ ಬಣ್ಣ ಇದ್ದದ್ದರಿಂದ ಮುಸುಕನ್ನೂ ಕಟ್ಟಿಕೊಂಡಳು. ಕಾಲಲ್ಲಿ ಅಂಗಡಿಯ ಗಂಡಸರ ಬೂಟು. ರಟ್ಟಿನ ಹೆಗಲು ಬುರ್ಖಾದೊಳಗೆ ಎತ್ತಿ ನಿಂತದ್ದನ್ನು ನಾನು ನೋಡಿದೆ. ನೋಡಿಯೂ ಎಂತದೂ ಅನಿಸಲಿಲ್ಲ.

ಆ ದಿನಗಳಲ್ಲಿ ಎಲ್ಲರ ಫೋನಿನಲ್ಲೂ ಒಂದೇ ಸುದ್ದಿ ಓಡುತ್ತಿತ್ತು. ಬುರ್ಖಾ ಹಾಕಿದ ಗಂಡಸರು ಮಕ್ಕಳನ್ನು ಕದಿಯಲು ಬರುತ್ತಾರೆ ಎಂದು.

ಸೂರ್ಯ ಮುಳುಗಿ ಮಗ್ರಿಬ್ ನಮಾಜಿನ ಹೊತ್ತಿಗೆ ಬಸ್ಸು ಹತ್ತಿದೆವು. ಎದುರು ಸೀಟಿನಲ್ಲಿ ಸಣ್ಣ ಮಗುವಿನೊಂದಿಗೆ ಒಬ್ಬ ಹೆಂಗಸು. ಮಗುವಿನ ನೀರಿನ ಬಾಟಲಿ ಕೆಳಗೆ ಉರುಳಿತು. ಹೆಕ್ಕಲು ಬಗ್ಗಿದ ಮಗು, "ಅಮ್ಮ, ಬೂಟು," ಎಂದಿತು.

ಹೆಂಗಸು ಬಗ್ಗಿ ನೋಡಿದಳು. ಮಗುವನ್ನು ಎಳೆದು ಎದೆಗೆ ಒತ್ತಿಕೊಂಡಳು. ಆಚೆ ಸಾಲಿನ ಸೀಟಿಗೆ ತಿರುಗಿ ಎಂತದೋ ಪಿಸುಗುಟ್ಟಿದಳು. ನಾನು ಬುರ್ಖಾದ ಅಂಚನ್ನು ಬೂಟಿನ ಮೇಲೆ ಎಳೆದೆ.

ಅಲ್ಲಿದ್ದವನೊಬ್ಬ ಎದ್ದು ಬಂದ. "ಯಾರಜ್ಜಿ ಇದು ಪಕ್ಕದಲ್ಲಿ?"

"ಮೊಮ್ಮಗಳು."

"ಮೊಮ್ಮಗಳಿಗೆ ಇಷ್ಟಗಲ ಹೆಗಲಾ? ಜಿಮ್ಮಿಗೆ ಹೋಗ್ತಾಳಾ?" ಒಂದಿಬ್ಬರು ನಕ್ಕರು. "ಮಾತಾಡ್ಲಿಕ್ಕೆ ಹೇಳಿ ನೋಡುವ."

"ನಾನು ಕಾಲೇಜು..." ಎಂದಳು ಹುಡುಗಿ. ಹರಿದ ಗಂಟಲು. ಗರಗಸ ಎಳೆದ ಹಾಗೆ ಬಂತು.

"ಗಂಡಸಿನ ಸ್ವರ ಮಾರಾಯ್ರೆ! ಬಸ್ಸು ನಿಲ್ಲಿಸಿ!"

ಸಿದ್ಧಕಟ್ಟೆಯಲ್ಲಿ ಬಸ್ಸು ನಿಂತಿತು. ಒಳಗಿನವರು ಕೂಗಿದ್ದು ಹೊರಗಿನವರಿಗೆ ಕೇಳಿತು. ಕಿಟಕಿಯಲ್ಲಿ ಮುಖಗಳು, ಮುಖಗಳ ಎದುರು ಫೋನುಗಳು. ಯಾರದ್ದೋ ಕೈ ಒಳಗೆ ಬಂದು ಅವಳ ಮುಸುಕಿನ ತುದಿ ಹಿಡಿಯಿತು. ಆ ಕೈಗೆ ಹೊಡೆದೆ. ಚೀಲದಲ್ಲಿ ಕತ್ತರಿ ಇತ್ತು. ತೆಗೆಯುವ ಎಂದು ಕಂಡಿತು. ತೆಗೆದರೆ ಇಬ್ಬರದ್ದೂ ಕಥೆ ಅಲ್ಲಿಗೇ ಮುಗಿಯುತ್ತದೆ ಎಂದೂ ಗೊತ್ತಿತ್ತು. ಹುಡುಗಿ ನನ್ನ ತೊಡೆಯನ್ನು ಉಗುರು ಇಳಿಯುವಷ್ಟು ಹಿಡಿದಿದ್ದಳು.

ಕಂಡಕ್ಟರ್ ಹೇಳಿದ, "ಅಜ್ಜಿ, ಮುಖ ತೋರಿಸಿದ್ರೆ ಮುಗೀತು. ನನಗೂ ಟೈಮಿಂಗ್ ಉಂಟು."

"ತೋರಿಸ್ತೇನೆ. ನಿನಗಲ್ಲ." ಎದುರಿನ ಹೆಂಗಸಿಗೆ ಹೇಳಿದೆ, "ಬಾ ಮಗಳೇ. ನಿನಗೂ ಹೆದರಿಕೆ, ನನಗೂ ಹೆದರಿಕೆ. ನೀನೇ ನೋಡು."

ಅವಳು ಮಗುವನ್ನು ಇನ್ನೊಬ್ಬಳ ಮಡಿಲಿಗೆ ಹಾಕಿ ಬಂದಳು. ನಾನು ನನ್ನ ಶಾಲು ಬಿಡಿಸಿ ಅಡ್ಡ ಹಿಡಿದೆ. ಹೆಂಗಸು ಹುಡುಗಿಯ ಮುಸುಕು ಎತ್ತಿದಳು. ಕೆಳಗೆ ಬಣ್ಣ ಕಣ್ಣೀರಿನಲ್ಲಿ ಇಳಿದ ಮುಖ. ಅಷ್ಟಕ್ಕೇ ಬಿಡುತ್ತಾಳೆ ಎಂದುಕೊಂಡೆ. ಬಿಡಲಿಲ್ಲ. ಎತ್ತಿ ನಿಂತ ಹೆಗಲನ್ನು ಮುಟ್ಟಿದಳು, ಗಟ್ಟಿ ಇದೆ ಎಂದು ಗೊತ್ತಾಗಿ ಬುರ್ಖಾದ ಕುತ್ತಿಗೆಯ ಗುಂಡಿ ಬಿಚ್ಚಿ ಒಳಗೆ ಇಣುಕಿದಳು. ಬಂಗಾರದ ಬಣ್ಣ ಹೊಳೆಯಿತು.

"ಎಂತ ಉಂಟು? ಎಂತ ಉಂಟು ಒಳಗೆ?" ಹೊರಗಿನಿಂದ ಕೂಗಿದರು.

ಅವಳ ಬಾಯನ್ನೇ ನೋಡುತ್ತಿದ್ದೆ. ಆ ಬಾಯಲ್ಲಿ ಬರುವ ಒಂದು ಮಾತಿನ ಮೇಲೆ ನನ್ನ ಹುಡುಗಿ ಮನೆಗೆ ಹೋಗುವುದು ಇತ್ತು.

"ಪೂ," ಎಂದಳು ತುಳುವಿನಲ್ಲಿ, ತನಗೇ ಹೇಳಿಕೊಂಡ ಹಾಗೆ. ಮತ್ತೆ ಕನ್ನಡದಲ್ಲಿ ಜೋರಾಗಿ, "ಹೂ ಮಾರಾಯ್ರೆ! ಹುಡುಗಿಯೇ. ಹೆಗಲಲ್ಲಿ ಹೂ ಹೊಲಿದದ್ದು ಉಂಟು. ಡಾನ್ಸಿನ ಅಂಗಿ."

ಜಪಾನಿನ ಕ್ಯಾಪ್ಟನ್ನು ಡಾನ್ಸಿನವಳಾದಳು. ನಾನು ತಿದ್ದಲಿಲ್ಲ. ಡಾನ್ಸು, ಡಾನ್ಸು ಎಂದು ನಾನೂ ತಲೆ ಆಡಿಸಿದೆ.

ಬಸ್ಸೆಲ್ಲ ನಕ್ಕಿತು. ಕಂಡಕ್ಟರ್ ಸೀಟಿ ಊದಿದ. ಜಿಮ್ಮಿನ ಮಾತಾಡಿದವನು ತನ್ನ ಸೀಟಿಗೆ ಹೋಗುತ್ತಾ, "ಮೊದಲೇ ಹೇಳ್ಬೇಕಲ್ವಾ ಅಜ್ಜಿ? ಸುಮ್ಮನೆ ನಮ್ಮನ್ನು ಹೆದರಿಸಿದಿರಿ," ಎಂದ. ನಾವು ಅವರನ್ನು ಹೆದರಿಸಿದ್ದಂತೆ. ಹೆಂಗಸು ಮಾತ್ರ ನಗಲಿಲ್ಲ. ಬಿಚ್ಚಿದ ಗುಂಡಿಯನ್ನು ಅವಳೇ ಹಾಕಿ ಹೋದಳು.

ಮನೆಗೆ ಬಂದು ಬುರ್ಖಾ ತೆಗೆದದ್ದೇ ಹುಡುಗಿ ಹೆಗಲಿನ ಹೂಗಳನ್ನು ಕೀಳಲು ಶುರು ಮಾಡಿದಳು. ಬರಲಿಲ್ಲ. ನನ್ನ ಜೋಡಿ ನೂಲು. ಬೆರಳಲ್ಲಿ ರಕ್ತ ಬಂತು. ನಾನು ಬ್ಲೇಡು ತಂದು ಒಂದೊಂದೇ ಎಳೆ ಕೊಯ್ದೆ. ಕೊಯ್ಯುವಾಗ ಡಬ್ಬಿಯ ನಕ್ಷತ್ರಗಳು ನೆನಪಾದವು. ಕಣ್ಣು ಉಳಿಸಲಿಕ್ಕೆ ಅವನ್ನೇ ಕೂರಿಸುವವಳಿದ್ದೆ. ಆ ಹೆಂಗಸು ಗುಂಡಿ ಬಿಚ್ಚಿದಾಗ ಪೊಲೀಸನ ಹಾಗೆ ನಕ್ಷತ್ರ ಕಂಡಿದ್ದರೆ ಎಂತ ಹೇಳುತ್ತಿದ್ದಳು? ಈಗಲೂ ಹೊಲಿಯುತ್ತಾ ಕೂತಲ್ಲಿ ಅದು ನೆನಪಿಗೆ ಬಂದರೆ ಸೂಜಿ ನಿಲ್ಲುತ್ತದೆ.

ಕೋಟು ಅಂಗಡಿಗೆ ಕೊಡುವ ಮೊದಲು ಹೂಗಳನ್ನು ಮತ್ತೆ ಕೂರಿಸಿದೆ, ಒತ್ತುಗುಂಡಿಯಲ್ಲಿ. ದಾರಿಯಲ್ಲಿ ಬೇಕಾದರೆ ಒಂದು ಎಳೆತಕ್ಕೆ ಬರುವ ಹಾಗೆ. ಪೊಲೀಸಿನದ್ದು, ಮಿಲಿಟರಿಯದ್ದು, ಅಂಗಡಿಯಲ್ಲಿ ಇದ್ದ ಎಲ್ಲ ಹೆಗಲಿಗೂ ಹಾಗೆಯೇ ಮಾಡಿಟ್ಟೆ.

ಅಂಗಡಿಯವನು ಎಳೆದು ನೋಡಿ ಸಿಡಿದ. "ಎಂತದಿದು? ಮಕ್ಕಳು ಎಲ್ಲ ಕಳೀತಾರೆ!"

"ಕಳೆಯಲಿ," ಎಂದೆ.