ಕಂಠಮಟ್ಟ ತುಂಬಿದ ಹಂಡೆ

ಇವತ್ತು ಪಣಕಹಳ್ಳಿ ಬಸ್ಸಿನಲ್ಲಿ ಪಕ್ಕದವರ ಬಕೆಟ್ಟಿನಿಂದ ಕೆರೆ ಮೀನಿನ ಕೆಸರು ವಾಸನೆ ಬಂತು. ಮುಚ್ಚಳ ಬಿಗಿಯಾಗಿತ್ತು. ನನಗೆ ಕೂತಲ್ಲಿ ಕೂರಲಾಗಲಿಲ್ಲ.

ತಂಗಿ ಹುಟ್ಟಿದಾಗ ಬಾಣಂತಿ ಅವ್ವನ ಸಾರಿಗೆಂದು ಅಪ್ಪ ಎರಡು ಮೀನು ಜೀವಂತ ತಂದು ಬೇರೆ ಬೇರೆ ಹಂಡೆಯಲ್ಲಿ ಬಿಟ್ಟಿದ್ದ. ಎರಡೂ ಕಪ್ಪೆ ನುಂಗುವ ಜಾತಿಯವೇ. ಕೊರಮೀನು ತಳದಲ್ಲಿ ಕಲ್ಲಿನಂತೆ ಬಿದ್ದಿದ್ದು, ಆಗೊಮ್ಮೆ ಈಗೊಮ್ಮೆ ಮೇಲೆ ಬಂದು ಹೋಗುತ್ತಿತ್ತು. ಬಾಲದ ಬುಡದಲ್ಲಿ ಕಣ್ಣಿನಂಥ ಚುಕ್ಕೆಯಿದ್ದ ಅವಲು ಮೀನು ಮಾತ್ರ ಹಂಡೆಗೆ ದಬದಬ ಬಡಿಯುತ್ತಿತ್ತು. ನಾನೂ ಅದರ ಸುತ್ತ ಸುತ್ತುತ್ತಿದ್ದೆ.

"ಪಾಪ, ಇದ್ಕೆ ನೀರು ಸಾಲ್ದು ಕಣವ್ವ," ಎಂದು ಅಪ್ಪ ಅದರ ಹಂಡೆಯನ್ನು ಕಂಠಮಟ್ಟ ತುಂಬಿಸಿ, ಎಗರದಂತೆ ಮುಚ್ಚಿ ಕಲ್ಲು ಹೇರಿದ. ಸದ್ದು ನಿಂತಿತು.

ಬೆಳಗ್ಗೆ ಅವಲು ಸತ್ತಿತ್ತು. ಅಜ್ಜಿ ಹಣೆ ಚಚ್ಚಿಕೊಂಡಳು. "ಎರಡೂ ಮ್ಯಾಲಕ್ಕೆ ಬಂದು ಉಸುರು ತಕ್ಕೊಳ್ಳೋ ಮೀನು ಕಣ್ಲಾ! ಗಾಳಿಗೆ ಜಾಗ ಬುಡ್ದೆ, ನೀರೊಳ್ಗೇ ಉಸುರುಕಟ್ಟಿ ಸಾಯಿಸ್ಬುಟ್ಟಲ್ಲ!"

"ಅಣ್ಣ, ಮುಚ್ಚಳ ವಸಿ ತೆಗೀರಿ," ಎಂದೆ ಬಸ್ಸಿನಲ್ಲಿ.

"ಮೀನ್ಗ್ಯಾಕವ್ವ ಗಾಳಿ?" ಅವರು ನಕ್ಕರು.

ನಾನೇ ಬಗ್ಗಿ ಮುಚ್ಚಳ ಸರಿಸಿದೆ. ಒಳಗೆ ಏನೋ ಮೇಲೆದ್ದು ಬಂದು ಗುಳುಕ್ ಎಂದಿತು.