ಮಾಣಿಕಪ್ಪ ಮಿಸ್ತ್ರಿಯ ಅಳತೆ

ಮಾಣಿಕಪ್ಪ ಮಿಸ್ತ್ರಿ ಯಾವ ಅಳತೆಯನ್ನೂ ಬರೆದಿಡುತ್ತಿರಲಿಲ್ಲ. ಹುಮನಾಬಾದಿನಿಂದ ಮಾಣಿಕನಗರಕ್ಕೆ ಹೋಗುವ ದಾರಿಯಲ್ಲಿ ಅವರ ಲೇತ್ ಅಂಗಡಿ. ಗೋಡೆಯ ತುಂಬ ಮೊಳೆ, ಮೊಳೆಗೊಂದು ಎರಡು ಕಾಲಿನ ಅಳತೆಗೋಲು, ಕ್ಯಾಲಿಪರ್. ಎಂಜಿನ್ನಿನ ತೂತಿನಲ್ಲಿ ಅದನ್ನು ಅಗಲಿಸಿ, ಸ್ಕ್ರೂ ಬಿಗಿದು, ಹಾಗೇ ತೂಗುಹಾಕಿದರೆ ಅಳತೆ ಹಿಡಿದಂತೆ. "ಬರ್ದದ್ದು ಸುಳ್ಳ ಹೇಳ್ತದ ಮಾಸ್ತರ್ರ, ಕಬ್ಬಿಣ ಹೇಳಂಗಿಲ್ಲ" ಎನ್ನುವರು. ಬಸವಕಲ್ಯಾಣದಲ್ಲಿ ಮಕ್ಕಳಿಗೆ ಬರೆಸಿ ಬರೆಸಿಯೇ ತಲೆ ನರೆತ ನನ್ನೆದುರು ಈ ಮಾತು ಹೇಳುವುದೆಂದರೆ ಅವರಿಗೆ ಬಲು ಖುಷಿ.

ನಮ್ಮ ಅಪ್ಪನ ಅಂಬಾಸಿಡರಿಗೆ ಇನ್ನಷ್ಟು ಜೋರು ಬರಲೆಂದು ಎಂಜಿನ್ನಿನ ತೂತುಗಳನ್ನು ಹಿಂದೊಮ್ಮೆ ದೊಡ್ಡದು ಮಾಡಿದವರು ಅವರೇ. ಈಚೆಗೆ ಪಿಸ್ಟನ್ ಓಡಾಡುವ ಕೊಳವೆಗಳು, ಅಂದರೆ ಲೈನರುಗಳು, ಸವೆದಾಗ ಆ ಅಳತೆಯವು ಎಲ್ಲೂ ಸಿಗಲಿಲ್ಲ. ಸೊಲ್ಲಾಪುರ, ಹೈದರಾಬಾದು ಅಲೆದೆ. ಎಂಜಿನ್ನಿನ ಫೋಟೊ ನೋಡಿದವರೆಲ್ಲ ಗುಜರಿಗೆ ಹಾಕಿ ಎಂದರು. "ನಾ ಇನ್ನಾ ಸತ್ತಿಲ್ರಿ. ನಾ ಮಾಡಿ ಕೊಡ್ತೀನಿ" ಎಂದರು ಮಿಸ್ತ್ರಿ.

ಅವರ ಕಣ್ಣಿಗೆ ಆಗಲೇ ಪೊರೆ ಬಂದಿತ್ತು. "ಬಿಸಲ ಏರಿದ್ರ ಕಬ್ಬಿಣ ಹಿಗ್ಗತದ" ಎಂದು ಮೂರು ದಿನ ನಸುಕಿನಲ್ಲೇ ಎದ್ದು, ಎಂಜಿನ್ನಿನ ಒಡಲಾದ ಬ್ಲಾಕಿನ ಮುಂದೆ ಕೂತು, ಬೆರಳನ್ನೇ ನಂಬಿ ಅಳತೆ ಹಿಡಿದರು. ಕ್ಯಾಲಿಪರ್ ಮೊಳೆಗೇರಿತು. ಲೈನರ್ ಕಡೆಯಲು ಬೀಡು ಕಬ್ಬಿಣ ಬರುವುದಷ್ಟೇ ಬಾಕಿ.

ಅಷ್ಟರಲ್ಲಿ ದಸರೆ ಬಂತು. ನಾನು ತೆಂಗಿನಕಾಯಿ ಹಿಡಿದು ಅಂಗಡಿಗೆ ಹೋದಾಗ ಮಿಸ್ತ್ರಿ ಸ್ನಾನಕ್ಕೆ ಹೋಗಿದ್ದರು. ಭಕ್ತಿ ಉಕ್ಕಿತು ನೋಡಿ ನನಗೆ! ಪೂಜೆಗೆಂದು ಸಾಮಾನನ್ನೆಲ್ಲ ತೊಳೆದೆ, ಮೊಳೆಗಿದ್ದದ್ದನ್ನೂ ಬಿಡಲಿಲ್ಲ. ಅಗಲಿಸಿದ ಕ್ಯಾಲಿಪರ್ ಸಾಲಿನಲ್ಲಿ ಸರಿಯಾಗಿ ಕೂರಲಿಲ್ಲವೆಂದು ಸ್ಕ್ರೂ ಸಡಿಲಿಸಿ ಮಡಚಿದೆ, ಕುಂಕುಮ ಹಚ್ಚಿದೆ. ಬಂದು ನೋಡಿದ ಮಿಸ್ತ್ರಿಯ ಮುಖ ಇಳಿಯಿತು. ಕಾಯಿ ಒಡೆದರು. "ಇರ್ಲಿ ಬಿಡ್ರಿ, ಮತ್ತ ಅಳಿತೀನಿ" ಎಂದರು.

ಎರಡನೆಯ ಸಲ ಬೆರಳಿಗೆ ಮೊದಲಿನ ಅಳತೆ ಸಿಗಲಿಲ್ಲ. ಕಡೆದ ಲೈನರ್ ಬೇಕಾದ್ದಕ್ಕಿಂತ ಕೂದಲೆಳೆಯಷ್ಟು ದಪ್ಪವಾಗಿತ್ತು. ಒತ್ತಿ ಕೂರಿಸುವಾಗ ಬ್ಲಾಕೇ ಸೀಳಿತು. ಸದ್ದಿಗೆ ಅಕ್ಕಪಕ್ಕದ ಅಂಗಡಿಯವರು ಸೇರಿದರು. "ಕೈ ನಂದ ತಪ್ಪತ್ರಿ" ಎಂದರು ಮಿಸ್ತ್ರಿ, ಎಲ್ಲರಿಗೂ ಕೇಳುವಂತೆ. ನಾನು ಬಾಯಿ ಬಿಡಲಿಲ್ಲ. ಮಾಸ್ತರನ ಮರ್ಯಾದೆ ಉಳಿಯಬೇಕಲ್ಲ! ಸುದ್ದಿ ಹಬ್ಬಿ ಟ್ರ್ಯಾಕ್ಟರಿನವರೂ ಬೇರೆ ಅಂಗಡಿ ಹಿಡಿದರು. ಲೇತ್ ನಿಂತೇಹೋಯಿತು.

ಮಿಸ್ತ್ರಿ ಹುಡಗಿ ಎಂಬ ಊರಿನಲ್ಲಿದ್ದ ಮಗಳ ಮನೆ ಸೇರಿದರು; ನಿಜ ಹೇಳಿಬಿಡೋಣವೆಂದು ಅಲ್ಲಿಗೆ ಹೋಗಿದ್ದೆ. ಅವರ ಕಣ್ಣು ಪೂರ್ತಿ ಹೋಗಿತ್ತು. ನನ್ನ ದನಿ ಕೇಳಿದ್ದೇ ತಡ, "ಬ್ಲಾಕ್ ನೆಳ್ಳಾಗ ಇಟ್ಟೀರಿಲ್ಲೊ ಮಾಸ್ತರ್ರ?" ಎಂದರು. ಚಹಾ ಕುಡಿದು ಎದ್ದು ಬಂದೆ.

ಮೊನ್ನೆ ಅವರಿಗೆ ಮಣ್ಣು ಕೊಟ್ಟು ಬರುವಾಗ ಪಕ್ಕದ ಅಂಗಡಿಯ ವೆಲ್ಡರ್ ಜೊತೆಗೂಡಿದ.

"ಛಲೋ ಮಿಸ್ತ್ರಿ ಇದ್ರು. ಕಡೀಕ ಕೈಯಾಗಿನ ಅಳತಿ ಹೋಗಿತ್ತ ನೋಡ್ರಿ, ಪಾಪ."

"ಹೌದ್ರಿ" ಎಂದೆ.